ಆಳ್ವಖೇಡದ ಆಕಾರ: ಕದ್ರಿಯ ಪೀಠಶಾಸನದಿಂದ ತಲಪಾಡಿಯ ಗಡಿಯವರೆಗೆ

ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಕಂಚಿನ ವಿಗ್ರಹವನ್ನು ನೋಡದ ಶಾಸನಾಸಕ್ತರು ಕಡಿಮೆ. ಮೂರು ಮುಖ, ಆರು ಕೈ, ಕುಳಿತ ಭಂಗಿ. ಅದರ ಪೀಠದ ಮೇಲಿರುವ ಸಂಸ್ಕೃತ ಶಾಸನ ಕಲಿಯುಗದ 4068ನೇ ವರ್ಷವನ್ನು ಹೇಳುತ್ತೆ, ಅಂದರೆ ಕ್ರಿ.ಶ. 968. ಆಳುಪ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಅಂತ ಅದರ ಸಾರ. ಬೌದ್ಧವೋ ಶೈವವೋ, ಮಂಜುಶ್ರೀಯೋ ಮಂಜುನಾಥನೋ ಎಂಬ ಚರ್ಚೆಗೆ ಈ ಶಾಸನವನ್ನು ಎಲ್ಲರೂ ಬಳಸಿದ್ದಾರೆ. ನಾನು ಇವತ್ತು ಬೇರೆಯದೇ ಪ್ರಶ್ನೆ ಇಟ್ಟುಕೊಂಡು ಓದಬೇಕು ಅಂತಿದ್ದೇನೆ. ಅರಸ ಇದ್ದಾನೆ, ಅವನ ಹೊಗಳಿಕೆ ಇದೆ, ವಿಹಾರದ ಹೆಸರಿದೆ, ವರ್ಷ ಇದೆ. ಆದರೆ ಅವನ ನಾಡು ಎಲ್ಲಿಂದ ಎಲ್ಲಿಯವರೆಗೆ? ಆ ಮಾತೇ ಇಲ್ಲ.

ಇದು ಕುಂದವರ್ಮನೊಬ್ಬನ ಶಾಸನದ ವಿಶೇಷ ಅಲ್ಲ. ಆಳುಪರ ನಾಡನ್ನು ಶಾಸನಗಳು ಕರೆಯುವುದು 'ಆಳ್ವಖೇಡ 6000' ಅಂತ. ಸೊರಬ ತಾಲೂಕಿನ ಮಾವಳಿಯ ಶಾಸನ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ್ದು. ಅದರಲ್ಲಿ ಚಿತ್ರವಾಹನ ಆಳ್ವಖೇಡ ಆರುಸಾಸಿರವನ್ನು ಆಳುತ್ತಿದ್ದ ಅಂತ ಬರುತ್ತೆ. ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000, ಸಾಂತಳಿಗೆ 1000, ಇವೆಲ್ಲ ಇದೇ ಜಾತಿಯ ಹೆಸರುಗಳು. ಈ ಸಂಖ್ಯೆ ಹಳ್ಳಿಗಳದ್ದೋ, ಕಂದಾಯದ್ದೋ, ಬೇರೆ ಯಾವುದೋ ಲೆಕ್ಕದ್ದೋ ಅನ್ನುವ ವಾದ ಮುಗಿದಿಲ್ಲ. ಈಗ ನನಗೆ ಬೇಕಾದ್ದು ಒಂದೇ ವಿಷಯ: ನಾಡನ್ನು ಗುರುತಿಸಲು ಒಂದು ಹೆಸರು ಮತ್ತು ಒಂದು ಸಂಖ್ಯೆ ಸಾಕಾಗಿತ್ತು. ಗೆರೆ ಬೇಕಿರಲಿಲ್ಲ.

ಹಾಗಂತ ನಮ್ಮ ಪೂರ್ವಿಕರಿಗೆ ಗೆರೆ ಎಳೆಯಲು ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. ಒಂದು ಗದ್ದೆ ದಾನ ಕೊಡುವಾಗ ನೋಡಿ, ಎಷ್ಟು ಕಟ್ಟುನಿಟ್ಟು! ಮೂಡಲು ಇಂಥ ತೋಡು, ತೆಂಕಲು ಇಂಥವರ ಗದ್ದೆಯ ಹುಣಿ, ಪಡುವಲು ನೆಟ್ಟ ಕಲ್ಲು, ಬಡಗಲು ಹರಿವ ನೀರು, ಹೀಗೆ ನಾಲ್ಕೂ ದಿಕ್ಕನ್ನು ಸುತ್ತಿ ಬರುತ್ತಾರೆ. ಅದೇ ಚತುಸ್ಸೀಮೆ. ಜೊತೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಇತ್ಯಾದಿ ಅಷ್ಟಭೋಗ. ಗಡಿಗೆ ಕಲ್ಲು ನೆಡುವುದು: ವಿಷ್ಣು ದೇವಾಲಯದ ಭೂಮಿಗೆ ವಾಮನಮುದ್ರೆ, ಶಿವಾಲಯದ್ದಕ್ಕೆ ಲಿಂಗಮುದ್ರೆ, ಬಸದಿಯದ್ದಕ್ಕೆ ಮುಕ್ಕೊಡೆ. ಅಕ್ಷರ ಬಾರದವನಿಗೂ ಆ ಕಲ್ಲು ಅರ್ಥವಾಗಬೇಕು. ಒಂದು ಊರಿನವರು ಇನ್ನೊಂದು ಊರಿನ ಎಲ್ಲೆ ಮೀರಿದರೆ ಹೆಣ ಬೀಳುತ್ತಿತ್ತು. ಗಡಿಕಾಳಗದಲ್ಲಿ ಸತ್ತವರ ವೀರಗಲ್ಲುಗಳು ಕರ್ನಾಟಕದ ತುಂಬ ಇವೆ. ಅಂದರೆ ಗದ್ದೆಗೆ ಗೆರೆ ಇತ್ತು, ಊರಿಗೆ ಗೆರೆ ಇತ್ತು. ರಾಜ್ಯಕ್ಕೆ ಇದ್ದದ್ದು ನಡು ಮಾತ್ರ. ನಡುವಿನಿಂದ ದೂರ ಹೋದಷ್ಟೂ ಅರಸನ ಮಾತು ತೆಳ್ಳಗಾಗುತ್ತಿತ್ತು, ಒಂದು ಕಡೆ ಇನ್ನೊಬ್ಬನ ಮಾತು ಕೇಳಿಸಲು ಶುರುವಾಗುತ್ತಿತ್ತು. ಅಷ್ಟೇ.

ಹೀಗಿರುವಾಗ ನಡು ಎಲ್ಲಿದೆ ಎನ್ನುವುದು ಬಹಳ ಮುಖ್ಯವಾಗುತ್ತೆ. ನಾಡಿನ ಆಕಾರದ ಪ್ರಶ್ನೆ ಬರುವುದೇ ಇಲ್ಲಿ.

ಕದ್ರಿ ಗುಡ್ಡದ ಮೇಲೆ ಸರ್ಕ್ಯೂಟ್ ಹೌಸ್ ಹತ್ತಿರ ನಿಂತರೆ ಪಶ್ಚಿಮಕ್ಕೆ ಸಮುದ್ರ. ಮಳೆ ಬಿಟ್ಟ ಮರುದಿನ ಪೂರ್ವದ ಕಡೆ ತೆರೆದ ಜಾಗ ಸಿಕ್ಕರೆ ಘಟ್ಟದ ಸಾಲು ಕಾಣುತ್ತೆ. ಎರಡರ ನಡುವೆ ಇರುವುದೇ ನಮ್ಮ ನಾಡು. ದಕ್ಷಿಣದಲ್ಲಿ ಸ್ವಲ್ಪ ಅಗಲ, ಬೈಂದೂರಿನ ಕಡೆ ಹೋದಂತೆ ಘಟ್ಟ ಸಮುದ್ರಕ್ಕೆ ತೀರ ಹತ್ತಿರ ಬಂದು ನಾಡು ಸಪುರವಾಗುತ್ತೆ. ನಾನು ಇಂಜಿನಿಯರ್ ಆದ್ದರಿಂದ ಸಣ್ಣ ಲೆಕ್ಕ ಮಾಡದೆ ಇರಲಾರೆ, ಸಹಿಸಿಕೊಳ್ಳಿ. 200 ಕಿ.ಮೀ. ಉದ್ದ, 50 ಕಿ.ಮೀ. ಅಗಲದ ಒಂದು ಪಟ್ಟಿ ಇದೆ ಅಂತಿಟ್ಟುಕೊಳ್ಳಿ. ವಿಸ್ತೀರ್ಣ 10,000 ಚದರ ಕಿ.ಮೀ., ಸುತ್ತಳತೆ 500 ಕಿ.ಮೀ. ಇಷ್ಟೇ ವಿಸ್ತೀರ್ಣದ ನಾಡು ದುಂಡಗೆ ಇದ್ದಿದ್ದರೆ ಸುತ್ತಳತೆ ಸುಮಾರು 354 ಕಿ.ಮೀ. ಸಾಕಾಗುತ್ತಿತ್ತು. ಅಂದರೆ ಕಾಯಬೇಕಾದ ಎಲ್ಲೆ ಶೇಕಡಾ 40ರಷ್ಟು ಹೆಚ್ಚಾಯಿತು. ದುಂಡು ನಾಡಿನ ನಡುವಿನಲ್ಲಿ ರಾಜಧಾನಿ ಇದ್ದರೆ ಅತಿ ದೂರದ ಜಾಗ 56 ಕಿ.ಮೀ. ಪಟ್ಟಿಯ ನಡುವಿನಲ್ಲಿದ್ದರೆ 103 ಕಿ.ಮೀ. ರಾಜಧಾನಿ ಪಟ್ಟಿಯ ಒಂದು ತುದಿಯಲ್ಲಿದ್ದರೆ 200 ದಾಟುತ್ತೆ. ಇದು ನೆಲ ಮಟ್ಟಸವಾಗಿದ್ದರೆ ಬರುವ ಲೆಕ್ಕ. ನಮ್ಮಲ್ಲಿ ಪ್ರತಿ ಹತ್ತಿಪ್ಪತ್ತು ಕಿ.ಮೀ.ಗೆ ಒಂದು ಹೊಳೆ ಅಡ್ಡ ಬರುತ್ತೆ. ಚಂದ್ರಗಿರಿ, ನೇತ್ರಾವತಿ, ಗುರುಪುರ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ, ಗಂಗೊಳ್ಳಿ. ಮಳೆಗಾಲದ ನಾಲ್ಕು ತಿಂಗಳು ಉತ್ತರದಿಂದ ದಕ್ಷಿಣಕ್ಕೆ ಸೈನ್ಯ ಕಳಿಸುವುದು ಅಂದರೆ ಪ್ರತಿ ಹೊಳೆಯಲ್ಲೂ ದೋಣಿಯವನ ಕಾಲು ಹಿಡಿಯಬೇಕು.

ಇನ್ನೂ ಒಂದು ಸಂಗತಿ ಇದೆ, ನನ್ನ ಪ್ರಕಾರ ಇದೇ ಮೂಲ. ಈ ನಾಡಿನ ಉದ್ದ ಉತ್ತರ-ದಕ್ಷಿಣ, ಆದರೆ ಜೀವನ ಹರಿಯುವುದು ಪೂರ್ವ-ಪಶ್ಚಿಮ. ಪ್ರತಿ ಹೊಳೆಯ ಬಾಯಲ್ಲಿ ಒಂದು ಬಂದರು: ಮಂಗಳೂರು, ಮೂಲ್ಕಿ, ಉದ್ಯಾವರ, ಬಾರಕೂರು, ಬಸರೂರು. ಪ್ರತಿ ಬಂದರಿನ ಹಿಂದೆ ಘಟ್ಟ ಹತ್ತುವ ಒಂದು ದಾರಿ. ಅಕ್ಕಿ ಕೆಳಗಿನಿಂದ, ಮೆಣಸು ಮೇಲಿನಿಂದ, ಸುಂಕ ನಡುವಿನಲ್ಲಿ. ಬಂದರು, ಹೊಳೆ, ಘಟ್ಟದ ದಾರಿ, ಈ ಮೂರು ಕೈಯಲ್ಲಿದ್ದರೆ ಒಬ್ಬ ಸಣ್ಣ ಅರಸ ಪಕ್ಕದ ಹೊಳೆಯವನ ಹಂಗಿಲ್ಲದೆ ಬದುಕಬಹುದಿತ್ತು. ಮುಂದೆ ಬಂಗರು, ಚೌಟರು, ಅಜಿಲರು, ಸಾವಂತರು, ಕಾರ್ಕಳದ ಭೈರರಸರು ಅಂತ ಇಷ್ಟು ಚಿಕ್ಕ ನಾಡಿನಲ್ಲಿ ಇಷ್ಟೊಂದು ಅರಸುಮನೆಗಳು ಹುಟ್ಟಿಕೊಂಡದ್ದು ಜನ ಜಗಳಗಂಟರಾಗಿದ್ದಕ್ಕೆ ಅಲ್ಲ. ನೆಲವೇ ಹಾಗೆ ಹೋಳುಹೋಳಾಗಿತ್ತು.

ಆಳುಪರು ಇದನ್ನು ಹೇಗೆ ನಿಭಾಯಿಸಿದರು? ಮೊದಲಿನ ಕಾಲದಲ್ಲಿ ಅವರು ಘಟ್ಟದ ಮೇಲೂ ಒಂದು ಕಾಲು ಇಟ್ಟಿದ್ದರು. ಶೃಂಗೇರಿ ಹತ್ತಿರದ ಕಿಗ್ಗದ ಶಾಸನದಲ್ಲಿ ಗುಣಸಾಗರ ಕದಂಬಮಂಡಲವನ್ನು ಆಳುವುದು ಕಾಣುತ್ತೆ. ಬಾದಾಮಿ ಚಾಲುಕ್ಯ ವಿನಯಾದಿತ್ಯನ 692ರ ಸೊರಬ ತಾಮ್ರಪಟದಲ್ಲಿ ಗುಣಸಾಗರನ ಮಗ ಚಿತ್ರವಾಹನನ ಬಿನ್ನಹದ ಮೇಲೆ ದಾನ ಆಗುತ್ತೆ. ವಿಜಯಾದಿತ್ಯನ 707ರ ಶಿಗ್ಗಾವಿ ತಾಮ್ರಪಟ ಅದೇ ಚಿತ್ರವಾಹನನನ್ನು ಕಾಣಲು ಚಕ್ರವರ್ತಿಯೇ ಬನವಾಸಿಗೆ ಬಂದದ್ದನ್ನು ಹೇಳುತ್ತೆ. ಚಾಲುಕ್ಯ ರಾಜಕುಮಾರಿ ಕುಂಕುಮಮಹಾದೇವಿ ಚಿತ್ರವಾಹನನ ಪತ್ನಿ, ಆದ್ದರಿಂದ ಅದು ಭಾವನ ಮನೆ ಭೇಟಿಯೂ ಹೌದು. ಪೊಂಬುಚ್ಚ, ಅಂದರೆ ಇವತ್ತಿನ ಹುಂಚ, ಆಗ ಆಳುಪರ ಕೈಯಲ್ಲಿತ್ತು. ಘಟ್ಟದ ಮೇಲೆ ನೆಲೆ ಇದ್ದರೆ ಬೇರೆ ಬೇರೆ ಹೊಳೆಯ ಕಣಿವೆಗಳಿಗೆ ಮೇಲಿನಿಂದಲೇ ಇಳಿಯಬಹುದು. ಉದ್ದುದ್ದ ಪಟ್ಟಿಗೆ ಬೆನ್ನೆಲುಬು ಸಿಕ್ಕಂತೆ. ಮುಂದೆ ಪೊಂಬುಚ್ಚ ಸಾಂತರರ ರಾಜಧಾನಿ ಆಯಿತು, ಆಳುಪರು ಕೆಳಗಿನ ಪಟ್ಟಿಗೆ ಸೀಮಿತರಾದರು.

ಮನೆಯೊಳಗಿನ ಜಗಳವೂ ಶುರುವಾಗಿತ್ತು. ಉದ್ಯಾವರದ ಶಾಸನಗಳನ್ನು ಹುಲ್ಷ್ ಎಪಿಗ್ರಾಫಿಯಾ ಇಂಡಿಕಾದ 9ನೇ ಸಂಪುಟದಲ್ಲಿ ಪ್ರಕಟಿಸಿದ್ದಾನೆ. ಅವುಗಳನ್ನು ಒಟ್ಟಿಗೆ ಓದುವುದು ಒಂದು ರೀತಿ ಯುದ್ಧದ ಸುದ್ದಿ ಓದಿದ ಹಾಗೆ. ರಣಸಾಗರ, ಚಿತ್ರವಾಹನ, ಶ್ವೇತವಾಹನ, ಪೃಥ್ವೀಸಾಗರ ಎಂಬ ಹೆಸರುಗಳು ಬರುತ್ತವೆ. ಉದ್ಯಾವರವನ್ನು ಹೊಗುವಾಗ ಕಾದಿ ಸತ್ತ ಆಳುಗಳ ಹೆಸರು ಬರುತ್ತೆ. ಗಮನಿಸಿ, ಇದು ಹೊರಗಿನ ವೈರಿಯ ಜೊತೆ ನಡೆದದ್ದಲ್ಲ, ಒಂದೇ ವಂಶದ ಕವಲುಗಳ ನಡುವೆ ನಡೆದದ್ದು. ಕಾದಾಟ ಗಡಿಗಾಗಿ ಅಲ್ಲ, ನಡುವಿಗಾಗಿ. ಉದ್ಯಾವರ ಪಟ್ಟಿಯ ನಡುಭಾಗದಲ್ಲಿದೆ, ಮಂಗಳೂರಿನಿಂದ ಸುಮಾರು 50 ಕಿ.ಮೀ. ಅದನ್ನು ಹಿಡಿದವನಿಗೆ ಎರಡೂ ಕಡೆ ಕೈ ಚಾಚಲು ಸಾಧ್ಯ. ಆಳುಪರ ರಾಜಧಾನಿ ಮಂಗಳೂರು, ಉದ್ಯಾವರ, ಬಾರಕೂರು ಅಂತ ಓಡಾಡುತ್ತಲೇ ಇದ್ದದ್ದಕ್ಕೆ ಬೇರೆ ಬೇರೆ ಕಾರಣ ಕೊಡುತ್ತಾರೆ. ಪಟ್ಟಿಯ ಆಕಾರವೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಎಲ್ಲಿ ಕೂತರೂ ಒಂದು ತುದಿ ದೂರವಾಗುತ್ತಿತ್ತು. ವಿಜಯನಗರದವರು ಬಂದ ಮೇಲೆ ಈ ಪೇಚಾಟಕ್ಕೆ ಸುಲಭದ ಉತ್ತರ ಕಂಡುಕೊಂಡರು: ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ಭಾಗ, ಎರಡು ಕಡೆ ಅಧಿಕಾರಿಗಳು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾದಾಗ ಹಳೆಯ ಶಾಸನಗಳನ್ನು ಓದಿದವರಿಗೆ ಅದೇನೂ ಹೊಸದಾಗಿ ಕಂಡಿರಲಿಕ್ಕಿಲ್ಲ.

ಈ ಕರಾವಳಿಯ ಗಡಿಗಳ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಸಾಕ್ಷಿ ಮಾತ್ರ ಶಾಸನದ್ದಲ್ಲ, ಇಬ್ನ್ ಬತೂತನದ್ದು. ಅವನು 1342ರ ಸುಮಾರಿಗೆ ಈ ದಾರಿಯಲ್ಲಿ ಬಂದ. ಬಾರಕೂರನ್ನು ಫಾಕನೂರ್ ಅಂತಾನೆ, ಮಂಗಳೂರನ್ನು ಮಂಜರೂರ್ ಅಂತಾನೆ. ಗೋವದಿಂದ ಕೊಲ್ಲಂವರೆಗೆ ಹನ್ನೆರಡು ಅರಸರು, ಕೆಲವರಿಗೆ 50,000 ಸೈನ್ಯ, ಕೆಲವರಿಗೆ 3,000 ಮಾತ್ರ. ಆದರೂ ದೊಡ್ಡವನು ಚಿಕ್ಕವನ ನೆಲಕ್ಕೆ ಆಸೆಪಡುವುದಿಲ್ಲ ಅಂತ ಅವನಿಗೆ ಆಶ್ಚರ್ಯ. ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುವಲ್ಲಿ ಮರದ ಬಾಗಿಲು. ಅದರ ಮೇಲೆ ಮುಂದಿನ ನಾಡಿನ ಅರಸನ ಹೆಸರು ಕೆತ್ತಿದೆ. ಅದಕ್ಕೆ ಆ ಅರಸನ ಅಭಯದ ಬಾಗಿಲು ಎಂಬ ಅರ್ಥದ ಹೆಸರು. ಒಂದು ನಾಡಿನಲ್ಲಿ ತಪ್ಪು ಮಾಡಿ ಓಡಿ ಬಂದವನು ಈ ಬಾಗಿಲು ಹೊಕ್ಕರೆ ಹಿಂದಿನ ಅರಸ ಎಷ್ಟೇ ಬಲಶಾಲಿಯಾದರೂ ಅವನನ್ನು ಹಿಡಿಯುವ ಹಾಗಿಲ್ಲ.

ಶಾಸನ ಓದುವವರಿಗೆ ಇದು ಹೊಟ್ಟೆ ಉರಿಸುವ ಮಾತು. ಅಕ್ಷರ ಕೆತ್ತಿದ ಗಡಿಗಳು ಇದ್ದವು, ಆದರೆ ಮರದಲ್ಲಿ! ನಮ್ಮ ಮಳೆಗೆ, ಗೆದ್ದಲಿಗೆ ಒಂದೂ ಉಳಿದಿಲ್ಲ. ಇಬ್ನ್ ಬತೂತ ಸ್ವಲ್ಪ ಬಣ್ಣ ಹಚ್ಚಿರಬಹುದು. ಅವನೇ ಮಂಜರೂರಿನಲ್ಲಿ ಮುಸ್ಲಿಂ ವರ್ತಕರಿಗೂ ಊರವರಿಗೂ ಆಗಾಗ ಹೊಡೆದಾಟ ಆಗುತ್ತಿತ್ತು, ವರ್ತಕರು ಬೇಕಾದ್ದರಿಂದ ಅರಸ ರಾಜಿ ಮಾಡಿಸುತ್ತಿದ್ದ ಅಂತಲೂ ಬರೆದಿದ್ದಾನೆ. ಆದರೂ ಅಷ್ಟು ಚಿಕ್ಕ ಚಿಕ್ಕ ರಾಜ್ಯಗಳು ಯಾಕೆ ಒಂದನ್ನೊಂದು ನುಂಗಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ ಅನಿಸುತ್ತೆ. ಪಕ್ಕದ ಹೊಳೆಯನ್ನು ಗೆದ್ದರೂ ಅದನ್ನು ಇಟ್ಟುಕೊಳ್ಳುವ ಖರ್ಚು ಸುಂಕಕ್ಕಿಂತ ಜಾಸ್ತಿ. ವರ್ತಕ ಬೇಸತ್ತರೆ ಮುಂದಿನ ಬಂದರಿಗೆ ಹೋಗುತ್ತಾನೆ, ಅದು ಒಂದು ದಿನದ ದಾರಿ.

ನೇತ್ರಾವತಿಯ ಎರಡು ದಡದ ಕಥೆ ಇದಕ್ಕೆ ವಿರುದ್ಧದ್ದು. ಈಚೆ ಮಂಗಳೂರಿನ ಬಂಗ, ಆಚೆ ಉಳ್ಳಾಲದ ಅಬ್ಬಕ್ಕ. ಇಬ್ಬರೂ ಗಂಡ-ಹೆಂಡತಿ, ಆಮೇಲೆ ವೈರಿಗಳು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಲ್ಲಿಗೆ ಬಂದು ಉಳ್ಳಾಲದ ರಾಣಿಯನ್ನು ನೋಡಿ, ಈ ಜಗಳವನ್ನು ವಿವರವಾಗಿ ಬರೆದ. ರಾಣಿಯ ಬೆಂಬಲಕ್ಕೆ ಇಕ್ಕೇರಿಯ ವೆಂಕಟಪ್ಪ ನಾಯಕ ಘಟ್ಟ ಇಳಿದು ಬಂದ. ಬಂಗನ ಬೆಂಬಲಕ್ಕೆ ಪೋರ್ಚುಗೀಸರು ಸಮುದ್ರದಿಂದ ಬಂದರು. ಪಟ್ಟಿಯಾಕಾರದ ನಾಡಿನ ದೌರ್ಬಲ್ಯ ಇದಕ್ಕಿಂತ ಚೆನ್ನಾಗಿ ಕಾಣುವುದು ಕಷ್ಟ. ಎರಡು ಉದ್ದ ಬದಿ, ಎರಡೂ ತೆರೆದದ್ದು. ಒಳಗಿನವರು ಜಗಳವಾಡಿದರೆ ಒಬ್ಬನಿಗೆ ಘಟ್ಟದ ಬಾಗಿಲು, ಇನ್ನೊಬ್ಬನಿಗೆ ಕಡಲ ಬಾಗಿಲು. ಗೆದ್ದದ್ದು ಕೊನೆಗೆ ಘಟ್ಟದವನು.

ದೆಲ್ಲಾ ವಾಲೆ ಕದ್ರಿಗೂ ಬಂದಿದ್ದ, 'ಜೋಗಿಗಳ ರಾಜ'ನನ್ನು ನೋಡಲು. ನಮ್ಮ ಕದ್ರಿ ಜೋಗಿ ಮಠವೇ ಅದು. ರಾಜ ಅಂದಕೂಡಲೇ ಅವನು ಏನೇನೋ ಕಲ್ಪಿಸಿಕೊಂಡಿದ್ದಿರಬೇಕು. ಕಂಡದ್ದು ಒಬ್ಬ ಸರಳ ಮುದುಕನನ್ನು. ಹಿಂದೆ ದೊಡ್ಡ ಆದಾಯ ತರುವ ಭೂಮಿ ಇತ್ತು, ನಾಯಕರ ಕಾಲದಲ್ಲಿ ಅದು ಕೈತಪ್ಪಿತ್ತು ಅಂತ ಬರೆಯುತ್ತಾನೆ. ಬಂಗನ ನಾಡಿನ ಹೊಟ್ಟೆಯೊಳಗೆ ಒಂದು ಪುಟ್ಟ ಜೋಗಿ ನಾಡು! ಭೂಗೋಳದ ಪುಸ್ತಕದಲ್ಲಿ ಇಟಲಿಯ ಒಳಗಿನ ಸ್ಯಾನ್ ಮರಿನೋ, ದಕ್ಷಿಣ ಆಫ್ರಿಕಾದ ಒಳಗಿನ ಲೆಸೊಥೊ ತೋರಿಸಿ 'ತೂತು ಬಿದ್ದ ದೇಶ' ಅಂತ ಪಾಠ ಮಾಡುತ್ತಾರಲ್ಲ, ನಮಗೆ ಮಲ್ಲಿಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಉದಾಹರಣೆ ಇದೆ.

ಹೊರಗಿನ ಲೋಕದ ಮಾತು ಬಂತು. ಪಟ್ಟಿ ಅಂದಕೂಡಲೇ ಎಲ್ಲರೂ ಹೇಳುವುದು ಚಿಲಿಯನ್ನು, ಸುಮಾರು 4,300 ಕಿ.ಮೀ. ಉದ್ದ, ಸರಾಸರಿ ಅಗಲ 200 ಕಿ.ಮೀ.ಗಿಂತ ಕಡಿಮೆ. ನನಗೆ ಅದಕ್ಕಿಂತ ಹತ್ತಿರವಾಗಿ ಕಾಣುವುದು ಪಶ್ಚಿಮ ಆಫ್ರಿಕಾದ ಗಾಂಬಿಯಾ. ಒಂದು ನದಿಯ ಎರಡು ದಡ, ಎಲ್ಲೂ 50 ಕಿ.ಮೀ. ಮೀರದ ಅಗಲ, ಮೂರು ಕಡೆ ಸೆನೆಗಲ್. ಬ್ರಿಟಿಷರು ಮತ್ತು ಫ್ರೆಂಚರು ಎಳೆದ ಗೆರೆ ಅದು. ಆ ಗೆರೆಯಿಂದಾಗಿ ಸೆನೆಗಲ್ ದೇಶದ ದಕ್ಷಿಣದ ಕಾಸಮಾನ್ಸ್ ಪ್ರಾಂತ ಉಳಿದ ದೇಶದಿಂದ ಹೆಚ್ಚುಕಡಿಮೆ ಕತ್ತರಿಸಿಹೋಯಿತು. 1982ರಲ್ಲಿ ಅಲ್ಲಿ ಶುರುವಾದ ಪ್ರತ್ಯೇಕತೆಯ ಹೋರಾಟ ದಶಕಗಳ ಕಾಲ ನಡೆಯಿತು. ನದಿಯನ್ನು ನಾಡಿನ ನಡುವಾಗಿ ಬಿಡದೆ ನಕ್ಷೆಯ ಗೆರೆಯಾಗಿ ಮಾಡಿದರೆ ಏನಾಗುತ್ತೆ ಅನ್ನುವುದಕ್ಕೆ ಅದೊಂದು ಮಾದರಿ.

ನಮ್ಮಲ್ಲಿ ನಕ್ಷೆಯ ಗೆರೆ ಬಂದದ್ದು ಕಂಪನಿ ಸರಕಾರದ ಜೊತೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಇಡಿಯಾಗಿ ಮದ್ರಾಸಿಗೆ ಹೋಯಿತು, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. 1862ರಲ್ಲಿ ಉತ್ತರ ಕೆನರಾ ಬೊಂಬಾಯಿಗೆ ಸೇರಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಘಟ್ಟದ ಮೇಲೆ ಮೈಸೂರು ಸಂಸ್ಥಾನ. ಈ ಗೆರೆಗಳು ನಮ್ಮ ಹವ್ಯಾಸದ ಮೇಲೂ ಬಿದ್ದಿವೆ, ಗಮನಿಸಿದ್ದೀರಾ? ಬಿ.ಎಲ್. ರೈಸ್‌ನ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಮೈಸೂರು ಮತ್ತು ಕೊಡಗಿಗೆ ಸೀಮಿತ. ಹಾಗಾಗಿ ಆಳುಪರ ಕಿಗ್ಗ, ಮಾವಳಿ ಶಾಸನಗಳು ಅಲ್ಲಿ ಸಿಗುತ್ತವೆ. ಕದ್ರಿಯ ಪೀಠಶಾಸನ ಬೇಕಾದರೆ ಮದ್ರಾಸಿನ ಕಡೆಯ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 7ನೇ ಸಂಪುಟ ತೆಗೆಯಬೇಕು. ಉತ್ತರ ಕನ್ನಡದ್ದಕ್ಕೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳ ಕಡೆ ತಿರುಗಬೇಕು. ಒಂದೇ ವಂಶದ ಚರಿತ್ರೆ ಮೂರು ಕಪಾಟಿನಲ್ಲಿ! ಬಿ.ಎ. ಸಾಲೆತೊರೆ 1936ರಲ್ಲಿ, ಕೆ.ವಿ. ರಮೇಶ್ 1970ರಲ್ಲಿ, ಪಿ. ಗುರುರಾಜ ಭಟ್ 1975ರಲ್ಲಿ ತುಳುನಾಡಿನ ಚರಿತ್ರೆ ಬರೆಯುವಾಗ ಮಾಡಿದ ಕೆಲಸದ ದೊಡ್ಡ ಪಾಲು ಈ ಕಪಾಟುಗಳ ನಡುವೆ ಓಡಾಡುವುದೇ ಆಗಿತ್ತು ಅಂದರೆ ತಪ್ಪಾಗಲಾರದು.

ಗೆರೆ ಸರಿಸಿದ್ದರಿಂದ ರಕ್ತ ಹರಿದ ಸ್ಪಷ್ಟ ಉದಾಹರಣೆ ಅಮರ ಸುಳ್ಯದ್ದು. ಕೊಡಗಿನ ಅರಸರಿಗೆ ಘಟ್ಟದ ಕೆಳಗೆ, ಸುಳ್ಯದ ಕಡೆ, ಒಂದು ನಾಲಿಗೆಯ ಹಾಗೆ ಚಾಚಿದ ಪ್ರದೇಶ ಇತ್ತು. ಬೆಟ್ಟದ ರಾಜ್ಯಕ್ಕೆ ಕರಾವಳಿಯ ಅಕ್ಕಿಗೂ ಉಪ್ಪಿಗೂ ದಾರಿ ಅದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡ ಕಂಪನಿಯವರು ಈ ನಾಲಿಗೆಯನ್ನು ಕತ್ತರಿಸಿ ದಕ್ಷಿಣ ಕೆನರಾಕ್ಕೆ ಸೇರಿಸಿದರು. ಕಚೇರಿಯಲ್ಲಿ ಕೂತವನಿಗೆ ಇದು ಬಹಳ ಅಚ್ಚುಕಟ್ಟು. ಘಟ್ಟದ ಮೇಲಿನದು ಮೇಲೆ, ಕೆಳಗಿನದು ಕೆಳಗೆ. ರೈತನಿಗೆ ಆದದ್ದು ಬೇರೆ. ಕೊಡಗಿನ ಅರಸನಿಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಈಗ ಹಣದಲ್ಲಿ ಕಟ್ಟಬೇಕು. ಹಣ ಬೇಕಾದರೆ ಬೆಳೆಯನ್ನು ವರ್ತಕ ಹೇಳಿದ ಬೆಲೆಗೆ ಮಾರಬೇಕು. ಉಪ್ಪು, ತಂಬಾಕಿನ ಏಕಸ್ವಾಮ್ಯ ಬೇರೆ. ನೆಲ ಒಂದು ಅಂಗುಲ ಕದಲಿಲ್ಲ, ಗೆರೆ ಕದಲಿತು, ಬದುಕು ತಿರುವುಮುರುವಾಯಿತು.

ಮೂರೇ ವರ್ಷ. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ರೈತರು ದಂಗೆ ಎದ್ದು ಬೆಳ್ಳಾರೆ, ಪುತ್ತೂರು ದಾಟಿ ಮಂಗಳೂರಿಗೆ ಬಂದರು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. ಸುಮಾರು 13 ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಸೈನ್ಯ ಬಂತು, ನೇಣುಗಳು ಬಂದವು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ. ಸ್ವಾತಂತ್ರ್ಯ ಹೋರಾಟ ಅಂತ ಭಾಷಣ ಮಾಡುವುದು ಸರಿಯೇ, ಆದರೆ ಅದರ ಬೇರು ಒಂದು ಜಿಲ್ಲಾ ಗಡಿಯ ಬದಲಾವಣೆಯಲ್ಲೂ ಇದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ.

ರೈಲಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಕೋಝಿಕ್ಕೋಡಿನ ಕಡೆಯಿಂದ. ಯಾಕೆಂದರೆ ಎರಡೂ ಮದ್ರಾಸ್ ಪ್ರಾಂತ. ಹಾಸನದಿಂದ ಘಟ್ಟ ಇಳಿದು ರೈಲು ಬಂದದ್ದು 1979ರಲ್ಲಿ, 72 ವರ್ಷ ತಡವಾಗಿ. ಸಾವಿರ ವರ್ಷ ಪೂರ್ವ-ಪಶ್ಚಿಮ ಹರಿದ ನಾಡನ್ನು ಪ್ರಾಂತದ ಗೆರೆ ಉತ್ತರ-ದಕ್ಷಿಣಕ್ಕೆ ತಿರುಗಿಸಿಬಿಟ್ಟಿತು. ಮಂಗಳೂರು ಸೆಂಟ್ರಲ್ ಇವತ್ತಿಗೂ ಪಾಲಕ್ಕಾಡ್ ವಿಭಾಗದಲ್ಲಿದೆ. ಊರಿನ ಸುತ್ತ ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ, ಕೊಂಕಣ ರೈಲ್ವೆ ಮೂರೂ ಸೇರುತ್ತವೆ. ಒಂದು ಹೊಸ ರೈಲು ಬೇಕು ಅಂತ ಮನವಿ ಕೊಡುವವನು ಮೂರು ಬಾಗಿಲು ತಟ್ಟಬೇಕು.

ಇನ್ನು 1956. ನವೆಂಬರ್ 1ರಂದು ದಕ್ಷಿಣ ಕೆನರಾ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ತಾಲೂಕು ಇಡಿಯಾಗಿ ಕೇರಳಕ್ಕೆ ಹೋಯಿತು. ಚಂದ್ರಗಿರಿಯ ಉತ್ತರದ್ದು ನಮಗೆ ಸೇರಬೇಕಿತ್ತು ಎಂಬುದು ಕನ್ನಡಿಗರ ವಾದ. 1967ರ ಮಹಾಜನ್ ಆಯೋಗದ ವರದಿಯೂ ಹಾಗೇ ಹೇಳಿತು. ಆಮೇಲೆ ಏನೂ ಆಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈ ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಳ್ಳುವವರೆಗೂ ಈ ಮಾತನ್ನು ಬಿಡಲಿಲ್ಲ. ತುಳುವ ಚರಿತ್ರೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಮಂಜೇಶ್ವರದ ಗೋವಿಂದ ಪೈಗಳು ಮನೆ ಬಿಟ್ಟು ಕದಲದೆಯೇ ಕೊನೆಯ ಏಳು ವರ್ಷ ಇನ್ನೊಂದು ರಾಜ್ಯದ ನಿವಾಸಿಯಾಗಿದ್ದರು. ಅವರು ತೀರಿಕೊಂಡದ್ದು 1963ರಲ್ಲಿ.

ಇಲ್ಲಿ ನನ್ನ ಅಭಿಪ್ರಾಯ ಕೆಲವು ಗೆಳೆಯರಿಗೆ ಹಿಡಿಸುವುದಿಲ್ಲ. ಚಂದ್ರಗಿರಿ ಸಹಜವಾದ ಗಡಿ ಅನ್ನುವ ವಾದಕ್ಕೆ ಆಧಾರ ಇದೆ. ತುಳು ಪ್ರದೇಶ ಚಂದ್ರಗಿರಿಯಿಂದ ಕಲ್ಯಾಣಪುರ ಹೊಳೆಯವರೆಗೆ ಅಂತ ಕಾಲ್ಡ್‌ವೆಲ್ ಬರೆದಿದ್ದಾನೆ. ನಾಯರ್ ಹೆಂಗಸರು ಚಂದ್ರಗಿರಿ ದಾಟಬಾರದು ಎಂಬ ಹಳೆಯ ಕಟ್ಟಳೆಯೂ ಪ್ರಸಿದ್ಧ. ಆದರೆ ಆಳುವವರ ಮಟ್ಟದಲ್ಲಿ ಹೊಳೆ ಯಾರನ್ನೂ ತಡೆದಿಲ್ಲ. ಚಂದ್ರಗಿರಿ ಕೋಟೆ ಕಟ್ಟಿದ ಕೆಳದಿಯವರೇ ಹೊಳೆ ದಾಟಿ ಬೇಕಲದಲ್ಲೂ ಕೋಟೆ ಕಟ್ಟಿದರು. ನೇತ್ರಾವತಿಯ ಎರಡೂ ದಡ ಒಂದೇ ಸಂತೆ ಆಗಿರುವ ಹಾಗೆ ಚಂದ್ರಗಿರಿಯ ಎರಡೂ ದಡವೂ ಒಂದೇ ಸಂತೆ. ನಮ್ಮ ನಾಡಿನಲ್ಲಿ ಎಲ್ಲಿ ಗೆರೆ ಎಳೆದರೂ ಅದು ಯಾರದೋ ಅಂಗಳದ ಮೇಲೇ ಹೋಗುತ್ತೆ. ಹಾಗಾಗಿ ಗೆರೆ ಎಲ್ಲಿದೆ ಎಂಬುದಕ್ಕಿಂತ ಆ ಗೆರೆಯ ಬಳಿ ಏನನ್ನು ತಡೆಯುತ್ತಾರೆ, ಏನನ್ನು ಬಿಡುತ್ತಾರೆ ಎಂಬ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತೆ.

ಅದು ಎಷ್ಟು ದೊಡ್ಡದು ಅಂತ 2020ರ ಮಾರ್ಚ್ ಕೊನೆಯಲ್ಲಿ ಗೊತ್ತಾಯಿತು. ಕೋವಿಡ್ ಹೊತ್ತಿನಲ್ಲಿ ಕರ್ನಾಟಕ ಕಾಸರಗೋಡಿನ ಕಡೆಯ ಗಡಿಯನ್ನು ಮುಚ್ಚಿತು. ಕೆಲವು ರಸ್ತೆಗಳಿಗೆ ಮಣ್ಣು ಸುರಿದರು. ಉತ್ತರ ಕಾಸರಗೋಡಿನವರಿಗೆ ಡಯಾಲಿಸಿಸ್ ಇರಲಿ, ಹೃದಯದ ಕಾಯಿಲೆ ಇರಲಿ, ಹೆರಿಗೆ ಇರಲಿ, ಆಸ್ಪತ್ರೆ ಅಂದರೆ ಮಂಗಳೂರೇ. ಕಾಸರಗೋಡು ಪೇಟೆಯಿಂದ 50 ಕಿ.ಮೀ., ಮಂಜೇಶ್ವರದಿಂದ ಅದರ ಅರ್ಧಕ್ಕಿಂತಲೂ ಕಡಿಮೆ. ಆಂಬುಲೆನ್ಸ್‌ಗಳು ತಲಪಾಡಿಯಿಂದ ತಿರುಗಿ ಹೋದವು, ಚಿಕಿತ್ಸೆ ಸಿಗದೆ ರೋಗಿಗಳು ಸತ್ತ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡುವ ನಿಯಮಗಳಿಗೆ ಎರಡೂ ರಾಜ್ಯ ಒಪ್ಪಿವೆ ಅಂತ ಏಪ್ರಿಲ್ 7ರಂದು ಅಲ್ಲಿ ಹೇಳಲಾಯಿತು. ಸೋಂಕಿನ ಭಯ ಸುಳ್ಳಲ್ಲ, ಕಾಸರಗೋಡಿನಲ್ಲಿ ಆಗ ಪ್ರಕರಣಗಳು ಏರುತ್ತಿದ್ದವು. ಆದರೆ ಪಟ್ಟಿಯ ನಡುವಿನಲ್ಲಿ ಮಂಗಳೂರು ಇದೆ, ಗೆರೆ ಅದರ ಪಕ್ಕದಲ್ಲೇ, 15 ಕಿ.ಮೀ.ನಲ್ಲಿ ಹಾದುಹೋಗುತ್ತೆ. ಒಂದು ಊರು ತನ್ನ ಅರ್ಧ ಸೀಮೆಯನ್ನು ಕಳೆದುಕೊಂಡ ಹಾಗೆ. ಇಬ್ನ್ ಬತೂತ ಕಂಡ ಅಭಯದ ಬಾಗಿಲು ಇದ್ದದ್ದೂ ಇದೇ ಕರಾವಳಿಯಲ್ಲಿ, ಆ ಮಣ್ಣಿನ ರಾಶಿ ಬಿದ್ದದ್ದೂ ಇದೇ ಕರಾವಳಿಯಲ್ಲಿ.

ಗೆರೆಯ ಆಚೆ ಉಳಿದ ಶಾಸನಗಳ ಬಗ್ಗೆ ಒಂದು ಮಾತು. ಕಾಸರಗೋಡಿನ ತಳಂಗೆರೆ ಚಂದ್ರಗಿರಿ ಕಡಲು ಸೇರುವಲ್ಲಿ, ಉತ್ತರ ದಡದಲ್ಲಿದೆ. ಅಲ್ಲಿಯ ಶಾಸನ ಕನ್ನಡದ್ದು, 10ನೇ ಶತಮಾನದ್ದು, ಕದ್ರಿಯ ಪೀಠಶಾಸನದ ಓರಗೆಯದ್ದು. ಜಯಸಿಂಹ ಎಂಬ ಅರಸ ಮೋಚಬ್ಬರಸಿ ಎಂಬ ಹೆಣ್ಣುಮಗಳಿಗೆ ಭೂಮಿ ಕೊಟ್ಟು, ಅದು ಹೆಣ್ಣು ಸಂತತಿಗೆ ಸಲ್ಲಬೇಕು ಅಂತ ಕಟ್ಟಳೆ ಮಾಡುತ್ತಾನೆ. ಅಳಿಯಸಂತಾನ ಪದ್ಧತಿಯ ಹಳೆಯ ಸಾಕ್ಷಿಗಳನ್ನು ಹುಡುಕುವವರು ಮೊದಲು ತೆಗೆಯುವ ಶಾಸನ ಅದು. ಮಂಗಳೂರಿನ ಶಾಸನಾಸಕ್ತರಲ್ಲಿ ಹಂಪಿ, ಬಾದಾಮಿ, ಹಲ್ಮಿಡಿ ನೋಡಿ ಬಂದವರು ಬೇಕಾದಷ್ಟು ಸಿಗುತ್ತಾರೆ. ತಳಂಗೆರೆಗೆ ಹೋಗಿ ಬಂದವರು ನನಗೆ ಸಿಕ್ಕಿದ್ದು ಇಬ್ಬರು. ಮಂಗಳೂರು ಸೆಂಟ್ರಲ್‌ನಿಂದ ಬೆಳಗ್ಗಿನ ಪ್ಯಾಸೆಂಜರ್ ಹತ್ತಿದರೆ ಕಾಸರಗೋಡಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು.